ಗಾಲಿಯಿಲ್ಲದ ಆಟದ ಆಸನ: ಕೂಸಿನ ಕಾಲಿಗೋ, ದೊಡ್ಡವರ ಬಿಡುವಿಗೋ?

ದುಂಡನೆಯ ಪ್ಲಾಸ್ಟಿಕ್ ಚೌಕಟ್ಟು. ನಡುವೆ ಕಾಲು ಇಳಿಬಿಡಲು ಎರಡು ಕಂಡಿಗಳಿರುವ ಬಟ್ಟೆಯ ಸೀಟು. ಸುತ್ತ ಅಗಲವಾದ ಅಂಚು. ಅದರ ಮೇಲೆ ಗಿಲಕಿ, ಕನ್ನಡಿ, ತಿರುಗುವ ಮಣಿ, ಒತ್ತಿದರೆ ಹಾಡುವ ಗುಂಡಿ. ಕೂಸನ್ನು ಒಳಗಿಳಿಸಿದರೆ ಅದು ಅರ್ಧ ಕೂತು ಅರ್ಧ ನಿಂತು ಸುತ್ತಲೂ ತಿರುಗುತ್ತದೆ, ಕುಪ್ಪಳಿಸುತ್ತದೆ. ಆದರೆ ಇದ್ದ ಜಾಗ ಬಿಟ್ಟು ಕದಲಲಾರದು. ವಾಕರಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಗಾಲಿ. ಅಮೆರಿಕದ ಇವನ್‌ಫ್ಲೋ ಕಂಪನಿ 1994ರಲ್ಲಿ ‘ಎಕ್ಸರ್‌ಸಾಸರ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದ ಈ ಬಗೆಯ ಆಸನ ಈಗ ‘ಆಕ್ಟಿವಿಟಿ ಸೆಂಟರ್’ ಎಂಬ ಸಾಮಾನ್ಯ ಹೆಸರಿನಲ್ಲಿ ಹಲವು ಕಂಪನಿಗಳಿಂದ ಬರುತ್ತಿದೆ. ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಗೆ ಇದು ಹಳೆಯ ಪರಿಚಯ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಹೊಸದು.

ಇದನ್ನು ಕೊಳ್ಳಬೇಕೆ ಬೇಡವೆ ಎಂಬ ಚರ್ಚೆ ಸಾಮಾನ್ಯವಾಗಿ ಎರಡು ಮಾತುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ‘ಕಾಲಿಗೆ ಬಲ ಬರುತ್ತದೆ, ಬೇಗ ನಡೆಯುತ್ತದೆ’ ಎನ್ನುವುದು ಒಂದು; ‘ಕಾಲು ಸೊಟ್ಟಗಾಗುತ್ತದೆ, ನಡಿಗೆ ತಡವಾಗುತ್ತದೆ’ ಎನ್ನುವುದು ಇನ್ನೊಂದು. ಲಭ್ಯವಿರುವ ಅಧ್ಯಯನಗಳನ್ನು ಒಟ್ಟಿಗಿಟ್ಟು ಓದಿದರೆ ಎರಡಕ್ಕೂ ಗಟ್ಟಿ ಆಧಾರ ಕಾಣುವುದಿಲ್ಲ. ನನ್ನ ವಾದ ಇಷ್ಟು: ಈ ಆಸನ ಸುರಕ್ಷತೆಯ ವಿಷಯದಲ್ಲಿ ನ್ಯಾಯವಾಗಿ ಗಳಿಸಿದ ಹೆಸರು, ಗಳಿಸದೇ ಇದ್ದ ‘ಬೆಳವಣಿಗೆಗೆ ಒಳ್ಳೆಯದು’ ಎಂಬ ಹೆಸರಾಗಿ ಬದಲಾಗಿದೆ. ಇದು ಮೂಲತಃ ದೊಡ್ಡವರ ಕೈ ಬಿಡಿಸುವ ಸಾಧನ. ಆ ಲೆಕ್ಕದಲ್ಲೇ ಇದನ್ನು ಅಳೆದು ಕೊಳ್ಳಬೇಕು ಅಥವಾ ಬಿಡಬೇಕು.

ಕೂಸನ್ನು ನಿಲ್ಲಿಸಿಡುವ ಆಸೆ ನಿನ್ನೆ ಮೊನ್ನೆಯದಲ್ಲ. ಸುಮಾರು 1440ರ ‘ಅವರ್ಸ್ ಆಫ್ ಕ್ಯಾಥರೀನ್ ಆಫ್ ಕ್ಲೀವ್ಸ್’ ಎಂಬ ಡಚ್ ಪ್ರಾರ್ಥನಾ ಹಸ್ತಪ್ರತಿಯ ಒಂದು ಚಿತ್ರದಲ್ಲಿ ಬಾಲಯೇಸು ಮರದ ವಾಕರಿನೊಳಗೆ ನಿಂತಿದ್ದಾನೆ. ಅದಕ್ಕೆ ಗಾಲಿಯಿಲ್ಲದ ಜೋಡಿಯೂ ಯುರೋಪಿನಲ್ಲಿತ್ತು: ನಡುವೆ ತೂತಿರುವ ಮಣೆಯಂಥ ನಿಲುಪೀಠ. ಕೂಸು ಅದರೊಳಗೆ ನಿಲ್ಲಬೇಕು, ಕೂರುವಂತಿಲ್ಲ. ಅಂಬೆಗಾಲು ಮೃಗಗಳಿಗೆ ತಕ್ಕದ್ದು, ಮನುಷ್ಯರ ಮಗು ಅದನ್ನು ದಾಟಿ ನೆಟ್ಟಗೆ ನಿಲ್ಲಬೇಕು ಎಂಬ ನಂಬಿಕೆ ಇದರ ಹಿಂದಿತ್ತೆಂದು ಅಮೆರಿಕದ ಬಾಲ್ಯದ ವಸ್ತುಗಳ ಇತಿಹಾಸ ಬರೆದ ಕ್ಯಾರಿನ್ ಕ್ಯಾಲ್ವರ್ಟ್ ತೋರಿಸಿದ್ದಾರೆ. 16ನೇ ಶತಮಾನದ ಸ್ವಿಸ್ ಶಸ್ತ್ರವೈದ್ಯ ಫೆಲಿಕ್ಸ್ ವ್ಯುರ್ಟ್ಸ್ ಈ ಪೀಠಗಳನ್ನು ಕಟುವಾಗಿ ಖಂಡಿಸಿದ. ಮಗುವನ್ನು ಅದರಲ್ಲಿ ನಿಲ್ಲಿಸಿದ ತಾಯಿಯೋ ದಾದಿಯೋ ಅದು ಕ್ಷೇಮವಾಗಿದೆ ಎಂದುಕೊಂಡು ತನ್ನ ಕೆಲಸಕ್ಕೆ ಹೊರಟುಬಿಡುತ್ತಾಳೆ, ನಿಂತೇ ಇರುವ ಮಗುವಿನ ಸಂಕಟ ಅವಳಿಗೆ ತಿಳಿಯುವುದಿಲ್ಲ ಎಂಬುದು ಅವನ ದೂರಿನ ಸಾರ. ಮಗುವಿನ ಪರವಾಗಿ ಮಾತಾಡಿದ ಈ ವೈದ್ಯನನ್ನು ಮೆಚ್ಚಲೇಬೇಕು. ಆದರೆ ಆ ತಾಯಿ ಹೊರಟದ್ದು ಯಾವ ಕೆಲಸಕ್ಕೆ, ಅದನ್ನು ಅವಳ ಬದಲು ಮಾಡುವವರು ಯಾರಿದ್ದರು ಎಂದು ಅವನು ಕೇಳಲಿಲ್ಲ. ಇಂದಿನ ಸಲಹಾಪುಸ್ತಕಗಳಲ್ಲೂ ಆ ಪ್ರಶ್ನೆ ಅಪರೂಪ.

ಸುರಕ್ಷತೆಯ ಹೆಸರು ಹೇಗೆ ಬಂತೆಂಬುದು ಸ್ಪಷ್ಟವಾಗಿದೆ. ಅಮೆರಿಕದಲ್ಲಿ 1990ರಿಂದ 2014ರವರೆಗೆ ವಾಕರಿನಿಂದ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದ 15 ತಿಂಗಳೊಳಗಿನ ಮಕ್ಕಳು ಅಂದಾಜು 2,30,676. ಅವರಲ್ಲಿ ಶೇಕಡಾ 74.1ರಷ್ಟು ಮಕ್ಕಳು ಮೆಟ್ಟಿಲ ಮೇಲಿಂದ ಉರುಳಿದವರು, ಶೇಕಡಾ 90.6ರಷ್ಟು ಮಕ್ಕಳಿಗೆ ಪೆಟ್ಟು ಬಿದ್ದದ್ದು ತಲೆಗೆ ಅಥವಾ ಕುತ್ತಿಗೆಗೆ. 2018ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಈ ಅಧ್ಯಯನದ ಪ್ರಕಾರ ವರ್ಷಕ್ಕೆ 20,650 ಇದ್ದ ಗಾಯಗಳ ಸಂಖ್ಯೆ 2003ರ ಹೊತ್ತಿಗೆ 3,201ಕ್ಕೆ ಇಳಿಯಿತು. ಮೆಟ್ಟಿಲಂಚಿನಲ್ಲಿ ತಡೆಯುವಂತೆ ವಾಕರನ್ನು ರೂಪಿಸಬೇಕೆಂಬ ಮಾನದಂಡ ಬಂದದ್ದು, ಜನ ವಾಕರ್ ಬಳಸುವುದನ್ನೇ ಕಡಿಮೆ ಮಾಡಿದ್ದು, ಎರಡೂ ಇದಕ್ಕೆ ಕಾರಣ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2001ರಲ್ಲಿ ಗಾಲಿ ವಾಕರಿನ ತಯಾರಿಕೆ, ಮಾರಾಟ ಎರಡನ್ನೂ ನಿಷೇಧಿಸಬೇಕೆಂದಿತು. ಬದಲಿಗೆ ಗಾಲಿಯಿಲ್ಲದ ಆಸನಗಳನ್ನು ಸೂಚಿಸಿತು. ಕೆನಡಾ 2004ರಲ್ಲಿ ವಾಕರಿನ ಮಾರಾಟ, ಆಮದು, ಜಾಹೀರಾತು ಮೂರನ್ನೂ ನಿಷೇಧಿಸಿತು. ನಮ್ಮ ಅಂಗಡಿಗಳಲ್ಲಿ ವಾಕರ್ ಇನ್ನೂ ಧಾರಾಳವಾಗಿ ಸಿಗುತ್ತದೆ, ಉಡುಗೊರೆಯಾಗಿಯೂ ಮನೆಗೆ ಬರುತ್ತದೆ. ವಾಕರೋ ಆಸನವೋ ಎಂಬುದಷ್ಟೇ ಪ್ರಶ್ನೆಯಾದರೆ ಉತ್ತರಕ್ಕೆ ಯೋಚಿಸಬೇಕಾಗಿಲ್ಲ: ಆಸನವೇ. ಆದರೆ ಹೆಚ್ಚಿನ ಮನೆಗಳ ಮುಂದಿರುವ ಆಯ್ಕೆ ಅದಲ್ಲ, ಆಸನವೋ ನೆಲವೋ ಎಂಬುದು.

ಇಲ್ಲಿ ಸಾಕ್ಷ್ಯ ತೆಳುವಾಗುತ್ತದೆ, ಓದುವವರು ಎಚ್ಚರವಾಗಿರಬೇಕು. ‘ನಡಿಗೆ ತಡವಾಗುತ್ತದೆ’ ಎನ್ನುವವರು ಹೆಚ್ಚಾಗಿ ಎತ್ತಿ ತೋರಿಸುವುದು ವಾಕರಿನ ಅಧ್ಯಯನಗಳನ್ನು. 1999ರಲ್ಲಿ ಸೀಗಲ್ ಮತ್ತು ಬರ್ಟನ್ 109 ಕೂಸುಗಳನ್ನು ಪರೀಕ್ಷಿಸಿ, ವಾಕರ್ ಬಳಸಿದವು ಕೂರುವುದು, ಅಂಬೆಗಾಲಿಡುವುದು, ನಡೆಯುವುದು ಎಲ್ಲವನ್ನೂ ತಡವಾಗಿ ಮಾಡಿದವೆಂದರು. ಅಗಲವಾದ ಅಂಚು ಕೂಸಿಗೆ ತನ್ನ ಕಾಲನ್ನೇ ಕಾಣದಂತೆ ಮರೆಮಾಡುವುದು ಒಂದು ಕಾರಣವಿರಬಹುದೆಂದು ಅವರು ಊಹಿಸಿದರು. ಆಟದ ಆಸನಕ್ಕೂ ಅಂಥದ್ದೇ ಅಂಚಿರುವುದರಿಂದ ಈ ಊಹೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. 2002ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದ ಐರ್ಲೆಂಡಿನ ಅಧ್ಯಯನ 190 ಕೂಸುಗಳದ್ದು. ವಾಕರಿನ ಒಟ್ಟು ಬಳಕೆ 24 ಗಂಟೆ ಹೆಚ್ಚಿದಂತೆ ತಾನಾಗಿ ನಡೆಯುವುದು 3.3 ದಿನ, ತಾನಾಗಿ ನಿಲ್ಲುವುದು 3.7 ದಿನ ತಡವಾದದ್ದು ಅಲ್ಲಿ ಕಂಡಿತು. ಹೆದರಿಸುವಂತಿರುವ ಈ ಸಂಖ್ಯೆಯನ್ನು ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಅರ್ಧ ಗಂಟೆಯಂತೆ ಮೂರು ತಿಂಗಳು ಬಳಸಿದರೆ ಒಟ್ಟು 45 ಗಂಟೆ, ಅಂದರೆ ಸುಮಾರು ಆರು ದಿನ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಆರೋಗ್ಯವಂತ ಕೂಸು ತಾನಾಗಿ ನಡೆಯುವ ವಯಸ್ಸು 8.2ರಿಂದ 17.6 ತಿಂಗಳವರೆಗೆ ಹರಡಿದೆ. ಒಂಬತ್ತು ತಿಂಗಳ ಆ ಹರವಿನಲ್ಲಿ ಆರು ದಿನ ಎದ್ದು ಕಾಣುವಂಥದ್ದಲ್ಲ. ಅದೇ ದಿನಕ್ಕೆ ಮೂರು ಗಂಟೆಯಾದರೆ ಐದು ವಾರ ದಾಟುತ್ತದೆ. ಆಗ ಮಾತು ಬೇರೆ. ಜೊತೆಗೆ, ಇವೆಲ್ಲ ಸಂಬಂಧವನ್ನು ತೋರಿಸುವ ಅಧ್ಯಯನಗಳೇ ಹೊರತು ಕಾರಣವನ್ನು ಸಾಬೀತುಪಡಿಸುವವಲ್ಲ. ತಡವಾಗಿ ನಡೆಯುವ, ಒಂದೆಡೆ ಕೂರಿಸಿದರೆ ಸಮಾಧಾನವಾಗಿರುವ ಕೂಸನ್ನೇ ಮನೆಯವರು ಹೆಚ್ಚು ಹೊತ್ತು ಕೂರಿಸಿರಲೂ ಸಾಕು. ಆಟದ ಆಸನವನ್ನೂ ಒಳಗೊಂಡು ಮನೆಯ ಸಲಕರಣೆಗಳ ಬಳಕೆಯನ್ನು ಕೆನಡಾದ ಅಬಟ್ ಮತ್ತು ಬಾರ್ಟ್‌ಲೆಟ್ 2001ರಲ್ಲಿ ಅಳೆದಾಗ, ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚು ಬಳಕೆಯ ಜೊತೆಗೆ ಕಡಿಮೆ ಚಲನಾ ಅಂಕ ಕಂಡದ್ದು ನಿಜ. ಅಲ್ಲಿಯೂ ಇದೇ ತೊಡಕಿದೆ.

ಹಾಗಾದರೆ ‘ಕಾಲಿಗೆ ಬಲ’ ಎಂಬ ವಾದ? ಆಸನದೊಳಗೆ ಕಲಿಕೆಯೇ ಇಲ್ಲವೆನ್ನುವುದು ತಪ್ಪು. ಗೋಲ್ಡ್‌ಫೀಲ್ಡ್ ಮತ್ತು ಸಂಗಡಿಗರು 1993ರಲ್ಲಿ ಸ್ಪ್ರಿಂಗಿಗೆ ತೂಗುಹಾಕಿದ ಜಂಪರಿನಲ್ಲಿ ಕೂಸುಗಳನ್ನು ವಾರಗಟ್ಟಲೆ ಗಮನಿಸಿದಾಗ, ಮೊದಲು ಅಡ್ಡಾದಿಡ್ಡಿ ಒದೆಯುತ್ತಿದ್ದವು ಕ್ರಮೇಣ ಸ್ಪ್ರಿಂಗಿನ ಲಯಕ್ಕೆ ತಮ್ಮ ಒದೆತವನ್ನು ಹೊಂದಿಸಿಕೊಂಡವು. ಇನ್ನೊಂದು ಲಾಭ ಕೈಗೆ ಸಂಬಂಧಿಸಿದ್ದು. ತಾನಾಗಿ ಕೂರಲಾರದ ಆರು ತಿಂಗಳ ಕೂಸುಗಳ ಸೊಂಟಕ್ಕೂ ತೊಡೆಗೂ ಗಟ್ಟಿ ಆಧಾರ ಕೊಟ್ಟರೆ ಅವು ವಸ್ತುಗಳತ್ತ ಕೈಚಾಚುವುದು ಸುಧಾರಿಸುತ್ತದೆಂದು ಹಾಪ್ಕಿನ್ಸ್ ಮತ್ತು ರಾನ್‌ಕ್ವಿಸ್ಟ್ 2002ರಲ್ಲಿ ತೋರಿಸಿದರು. ಅವರ ಅಧ್ಯಯನದಲ್ಲಿ ಫಲ ಕೊಟ್ಟದ್ದು ಸೊಂಟವನ್ನು ಬಿಗಿಯಾಗಿ ಹಿಡಿದಿಡುವಂತೆ ಮಾರ್ಪಡಿಸಿದ ಆಸನ. ಜೋತಾಡುವ ಬಟ್ಟೆಯ ಸೀಟಿನಲ್ಲಿ ಕೂಸು ಮುಂದಕ್ಕೆ ವಾಲಿ ಅಂಚಿಗೆ ಎದೆಯೊರಗಿಸಿ ನಿಲ್ಲುತ್ತದೆ, ಆ ಬಿಗಿ ಅಲ್ಲಿರುವುದಿಲ್ಲ.

ಕಲಿತದ್ದು ಎಲ್ಲಿಯವರೆಗೆ ಜೊತೆಗೆ ಬರುತ್ತದೆ ಎಂಬುದೇ ಮುಖ್ಯ ತೊಡಕು. ನ್ಯೂಯಾರ್ಕಿನ ಕ್ಯಾರೆನ್ ಅಡಾಲ್ಫ್ 2000ದಲ್ಲಿ ಒಂಬತ್ತೂವರೆ ತಿಂಗಳ ಕೂಸುಗಳನ್ನು ಕಂದಕದಂಥ ಅಂತರದ ಅಂಚಿನಲ್ಲಿಟ್ಟು ಪರೀಕ್ಷಿಸಿದರು. ಕೂತಾಗ ಎಷ್ಟು ದೂರ ಚಾಚಬಹುದೆಂದು ಸರಿಯಾಗಿ ಅಳೆದ ಅದೇ ಕೂಸುಗಳು, ಹೊಸದಾಗಿ ಕಲಿತ ಅಂಬೆಗಾಲಿನಲ್ಲಿ ಬಂದಾಗ ಅಂಚು ಮೀರಿ ಬಿದ್ದವು (ಹಿಡಿದುಕೊಳ್ಳಲು ಪ್ರಯೋಗಕಾರರಿದ್ದರು). ಕೂತು ಗಳಿಸಿದ ಸಮತೋಲ ಅಂಬೆಗಾಲಿಗೆ ಸಾಗಿಬರಲಿಲ್ಲ. ಸೀಟು ತೂಕ ಹೊತ್ತಿರುವಾಗ ಕುಪ್ಪಳಿಸುವುದನ್ನು ಕಲಿತ ಕೂಸಿಗೆ, ತನ್ನ ತೂಕವನ್ನು ತಾನೇ ಹೊತ್ತು ನಿಲ್ಲುವುದು ಹೊಸ ಪಾಠವೇ ಎಂದು ಇದರಿಂದ ಊಹಿಸಬಹುದು. ಅಡಾಲ್ಫ್ ಅವರ ತಂಡ 2012ರಲ್ಲಿ ಎಣಿಸಿದಂತೆ, 12ರಿಂದ 19 ತಿಂಗಳ ಮಕ್ಕಳು ಬಿಡುವಾಗಿ ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆಯಿಟ್ಟು 17 ಸಲ ಬೀಳುತ್ತಾರೆ. ಆಸನದಲ್ಲಿ ಬೀಳುವಂತಿಲ್ಲ. ತಾಯಿಗೆ ನೆಮ್ಮದಿ ಕೊಡುವ ಗುಣವೂ ಅದೇ, ಕೂಸಿಗೆ ಪಾಠ ತಪ್ಪಿಸುವ ಗುಣವೂ ಅದೇ.

ನೆಲವೇ ಏಕೈಕ ಸರಿದಾರಿ ಎಂದು ಇದರಿಂದ ತೀರ್ಮಾನಿಸಬಾರದು. ಕೀನ್ಯಾದ ಕಿಪ್ಸಿಗಿಸ್ ತಾಯಂದಿರು ನೆಲದಲ್ಲಿ ಸಣ್ಣ ಗುಂಡಿ ತೋಡಿ, ಕೂಸಿಗೆ ಆಧಾರ ಸಿಗುವಂತೆ ಅದರಲ್ಲಿ ಕೂರಿಸಿ ಕೂರುವುದನ್ನು ಕಲಿಸುತ್ತಿದ್ದುದನ್ನು ಚಾರ್ಲ್ಸ್ ಸೂಪರ್ 1976ರಲ್ಲಿ ವರದಿ ಮಾಡಿದರು. ಅದೂ ಒಂದು ಸ್ಥಿರ ಆಸನವೇ. ಆ ಮಕ್ಕಳು ಕೂರುವುದು, ನಡೆಯುವುದು ಅಮೆರಿಕದ ಮಕ್ಕಳಿಗಿಂತ ಸುಮಾರು ಒಂದು ತಿಂಗಳು ಮುಂಚೆ. ಯಾರೂ ಕಲಿಸದ ಅಂಬೆಗಾಲು ಮಾತ್ರ ಮುಂಚೆ ಬರಲಿಲ್ಲ. ದೊಡ್ಡವರು ಯಾವುದಕ್ಕೆ ಅವಕಾಶ ಕೊಡುತ್ತಾರೋ ಅದು ಬೆಳೆಯುತ್ತದೆ. ಗುಂಡಿಯಲ್ಲಿ ಕೂತ ಕೂಸು ತನ್ನ ಬೆನ್ನನ್ನು ತಾನೇ ನೆಟ್ಟಗಿಡಬೇಕಿತ್ತು, ಪಕ್ಕದಲ್ಲಿ ಕಲಿಸುವವರಿದ್ದರು. ನಮ್ಮ ಕಡೆ ಮಗು ಹೊಸ್ತಿಲು ದಾಟಿದ ದಿನ ಸಿಹಿ ಮಾಡುವ ಮನೆಗಳಲ್ಲಿ ತೆವಳುವುದಕ್ಕೂ ಅಂಥ ಒಂದು ಮರ್ಯಾದೆಯಿದೆ. ಮನೆಮಂದಿಯ ಕಣ್ಣು ಕೂಸಿನ ಮೇಲಿದೆ ಎಂಬುದಕ್ಕೆ ಆ ಸಿಹಿಯೇ ಸಾಕ್ಷಿ.

ಆ ಕಣ್ಣು, ಆ ಕೈ ಮನೆಯಲ್ಲಿ ಎಷ್ಟಿವೆ ಎಂಬುದೇ ಕೊನೆಗೆ ತೀರ್ಮಾನಿಸುವ ಸಂಗತಿ. ಈ ಆಸನ ಕೂಸಿಗೆ ಒಗ್ಗುವುದು ಕತ್ತು ನಿಂತ ಮೇಲೆ, ಸಾಮಾನ್ಯವಾಗಿ ನಾಲ್ಕು ತಿಂಗಳಿಂದ. ನಡೆಯತೊಡಗಿದ ಮೇಲೆ ಬಳಸುವಂತಿಲ್ಲ. ನಡುವಿನ ಆರನೆಯ ತಿಂಗಳನ್ನು ಗಮನಿಸಿ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೋದ ಅಜ್ಜಿಗೆ ಸಂದರ್ಶಕ ವೀಸಾದಲ್ಲಿ ಸಾಮಾನ್ಯವಾಗಿ ಸಿಗುವುದು ಆರು ತಿಂಗಳ ವಾಸ್ತವ್ಯ. ಆ ದೇಶದ 1993ರ ಕಾನೂನು ಕೊಡುವುದು 12 ವಾರಗಳ, ಅದೂ ಸಂಬಳವಿಲ್ಲದ, ರಜೆ. ಭಾರತದಲ್ಲಿ 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ, ಅಂದರೆ ಹತ್ತಿರಹತ್ತಿರ ಆರು ತಿಂಗಳು. ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮೊದಲೇ ಮುಗಿದಿರಬಹುದು. ಕೂಸು ಮಗುಚಿಕೊಂಡು, ತೆವಳಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡತೊಡಗುವ ಹೊತ್ತಿಗೇ ಎರಡೂ ಕಡೆ ಮನೆಯಿಂದ ಒಂದು ಜೊತೆ ಕೈ ಹೊರಟುಹೋಗುತ್ತದೆ. ಬಟ್ಟೆಯ ಸೀಟು ಮನೆಗೆ ಬರುವುದು ಆ ಕೈಗಳ ಜಾಗಕ್ಕೆ. ತಂದೆ ದಿನಕ್ಕೊಂದು ಗಂಟೆ ಚಾಪೆಯ ಮೇಲೆ ಕೂಸಿನ ಜೊತೆ ಕೂರುವ ಮನೆಯಲ್ಲಿ ಈ ಖರೀದಿಯ ಮಾತೇ ಏಳದಿರಬಹುದು. ಇದನ್ನು ತಾಯಿಯ ಸೋಮಾರಿತನವೆಂದು ಕಾಣುವವರು ವ್ಯುರ್ಟ್ಸ್‌ನ ಕಾಲದಲ್ಲೇ ನಿಂತಿದ್ದಾರೆ. ಒಲೆಯ ಮೇಲೆ ಎಣ್ಣೆ ಕಾಯುತ್ತಿರುವಾಗ, ಒಬ್ಬಳೇ ಸ್ನಾನಕ್ಕೆ ಹೋಗಬೇಕಾದಾಗ, ತೆವಳುವ ಕೂಸನ್ನು ಹತ್ತು ನಿಮಿಷ ಕಣ್ಣೆದುರಿನ ಆಸನದಲ್ಲಿಡುವುದು ಜಾಣತನ.

ಆದ್ದರಿಂದ ಹಗಲೆಲ್ಲ ಇಬ್ಬರು ದೊಡ್ಡವರಿರುವ ಮನೆಗೆ ಇದು ಬೇಡ ಎಂದೇ ನನ್ನ ಅಭಿಪ್ರಾಯ. ಒಬ್ಬರೇ ನೋಡಿಕೊಳ್ಳುವ ಮನೆಗೆ ಬೇಕಾಗಬಹುದು. ಹಾಗೆ ತಂದರೆ ಗಮನಿಸಬೇಕಾದ್ದು ಸ್ವಲ್ಪವೇ. ಒಂದು ವರ್ಷದೊಳಗಿನ ಕೂಸನ್ನು ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿಡಬಾರದು, ತೆವಳಲಾರದ ಕೂಸನ್ನು ಎಚ್ಚರವಿರುವಾಗ ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಬೋರಲು ಮಲಗಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ನಾಲ್ಕರಿಂದ ಹನ್ನೊಂದು ತಿಂಗಳ ಕೂಸು ದಿನಕ್ಕೆ 12ರಿಂದ 16 ಗಂಟೆ ನಿದ್ರಿಸುತ್ತದೆ. ಉಳಿದದ್ದರಲ್ಲಿ ಹಾಲು, ಊಟ, ಎಣ್ಣೆನೀರು ಕಳೆದರೆ ಆಟಕ್ಕೆ ದಕ್ಕುವುದು ಕೆಲವೇ ಗಂಟೆ. ಹಾಗಾಗಿ ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ, ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ ಎಂದು ನಾನು ಹೇಳುತ್ತೇನೆ. ತೊಡೆಗೆ ಆಧಾರವಿರುವಷ್ಟು ಅಗಲವಾದ ಸೀಟು ಒಳ್ಳೆಯದು. ಸೊಂಟದ ಮೇಲೆ ಎತ್ತಿಕೊಂಡಾಗ ಕಾಲು ಅಗಲವಾಗಿ, ಮಂಡಿ ಮಡಿಸಿ ಇರುವ ಭಂಗಿ ಎಳೆಯ ಸೊಂಟದ ಕೀಲಿಗೆ ಹಿತ. ಕಿರಿದಾದ ಪಟ್ಟಿಯ ಮೇಲೆ ಕಾಲು ನೇರ ಜೋಲುಬಿದ್ದರೆ ಆ ಹಿತವಿಲ್ಲ. ಪೂರ್ತಿ ಅಂಗಾಲು ನೆಲ ಮುಟ್ಟುವಂತೆ ಎತ್ತರ ಹೊಂದಿಸಬೇಕು. ಒಳಗೇ ನಿದ್ರೆ ಬಂದರೆ ಕೂಡಲೇ ಎತ್ತಿ ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಬೇಕು. ಕೂತ ಭಂಗಿಯಲ್ಲಿ ತಲೆ ಮುಂದಕ್ಕೆ ವಾಲಿ ಉಸಿರಿಗೆ ತಡೆಯಾಗಬಹುದು.

ಹೊಸದನ್ನೇ ಕೊಳ್ಳಬೇಕಿಲ್ಲ. ನಾಲ್ಕೈದು ತಿಂಗಳು ಬಳಸಿ ಬಿಡುವ ವಸ್ತುವಾದ್ದರಿಂದ ಪರಿಚಿತರ ಮನೆಯಿಂದ ಎರವಲು ತಂದರೆ ಸಾಕು. ತಂದ ಮೇಲೆ ಸ್ಪ್ರಿಂಗು, ಸೀಟಿನ ಪಟ್ಟಿ, ಹೊಲಿಗೆ, ಆಟಿಕೆಗಳ ಸಡಿಲ ಭಾಗಗಳನ್ನು ಕೈಯಿಂದ ಎಳೆದು ನೋಡಬೇಕು. ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗ 2019ರಲ್ಲಿ ಈ ಆಸನಗಳಿಗೆ ಕಡ್ಡಾಯ ಮಾನದಂಡ ತಂದಾಗ ಪಟ್ಟಿ ಹರಿಯುವುದು, ಸ್ಪ್ರಿಂಗ್ ಮುರಿಯುವುದು, ಆಟಿಕೆ ಕಿತ್ತುಬರುವುದು ಅದರ ಮುಂದಿದ್ದ ದೂರುಗಳಲ್ಲಿದ್ದವು. ಕೂಸು ಮಂಚದ ಕಾಲನ್ನೋ ಅಜ್ಜನ ಪಂಚೆಯನ್ನೋ ಹಿಡಿದು ತಾನಾಗಿ ಎದ್ದು ನಿಲ್ಲತೊಡಗಿದ ವಾರದಲ್ಲೇ ಆಸನವನ್ನು ತೊಳೆದು, ಒಣಗಿಸಿ, ಮುಂದಿನ ಮನೆಗೆ ಕಳಿಸಬಹುದು.