ರಾಸ್ ಆಂಡರ್ಸನ್: ಸೈಬರ್ ವಂಚನೆಯ ನಷ್ಟ ಯಾರ ತಲೆಗೆ ಎಂದು ಕೇಳಿದ ಸಂಶೋಧಕ

ರಾಸ್ ಆಂಡರ್ಸನ್ (1956–2024) ಬ್ರಿಟನ್ನಿನ ಹೆಸರಾಂತ ಕಂಪ್ಯೂಟರ್ ಭದ್ರತಾ ತಜ್ಞರು ಮತ್ತು ಸೈಬರ್ ಅಪರಾಧ ಸಂಶೋಧಕರು. ಗ್ರಾಹಕನ ಖಾತೆಯಿಂದ ಅವನಿಗೆ ತಿಳಿಯದೆ ಹಣ ಹೋದರೆ ಆ ನಷ್ಟವನ್ನು ಯಾರು ಹೊರಬೇಕು ಎಂಬ ಪ್ರಶ್ನೆಯನ್ನು ಅವರು ಮೂರು ದಶಕಗಳ ಕಾಲ ಬಿಡದೆ ಕೇಳಿದರು. ಇಂದು ಮನೆಮನೆಯಲ್ಲೂ ಮೊಬೈಲ್‌ನಿಂದಲೇ ಹಣದ ವ್ಯವಹಾರ ನಡೆಯುತ್ತಿರುವಾಗ ಅವರ ಬರಹಗಳು ನಮಗೂ ಉಪಯುಕ್ತವಾಗಿವೆ.

ಶಿಕ್ಷಣ ಮತ್ತು ವೃತ್ತಿ

ಆಂಡರ್ಸನ್ ಅವರು ಜನಿಸಿದ್ದು 1956ರ ಸೆಪ್ಟೆಂಬರ್ 15ರಂದು. ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಗಣಿತ ಮತ್ತು ವಿಜ್ಞಾನ ಓದಿದರು. ಕೆಲವು ವರ್ಷ ಹೊರಗೆ ದುಡಿದ ಬಳಿಕ ಮತ್ತೆ ಕೇಂಬ್ರಿಡ್ಜ್‌ಗೆ ಬಂದು, ರೋಜರ್ ನೀಡಮ್ ಅವರ ಮಾರ್ಗದರ್ಶನದಲ್ಲಿ 1995ರಲ್ಲಿ ಪಿಎಚ್‌ಡಿ ಪಡೆದು ಅಲ್ಲಿಯೇ ಅಧ್ಯಾಪಕರಾದರು. 2003ರಲ್ಲಿ ಪ್ರಾಧ್ಯಾಪಕರಾದರು. 2009ರಲ್ಲಿ ರಾಯಲ್ ಸೊಸೈಟಿಯ ಫೆಲೋ ಗೌರವ ಲಭಿಸಿತು. 2015ರಲ್ಲಿ ಕೇಂಬ್ರಿಡ್ಜ್ ಸೈಬರ್ ಅಪರಾಧ ಕೇಂದ್ರ ಆರಂಭವಾದಾಗ ಅದರ ಮುಂಚೂಣಿಯಲ್ಲಿದ್ದರು. 2024ರ ಮಾರ್ಚ್ 28ರಂದು ನಿಧನರಾದರು.

ಎಟಿಎಂ ಪ್ರಕರಣಗಳು

1990ರ ದಶಕದ ಆರಂಭದಲ್ಲಿ, ತಾವು ತೆಗೆಯದ ಹಣ ಎಟಿಎಂನಿಂದ ಹೋಗಿದೆ ಎಂದು ಬ್ರಿಟನ್ನಿನ ಅನೇಕರು ದೂರಿದರು. ನಮ್ಮ ಯಂತ್ರ ತಪ್ಪು ಮಾಡುವುದಿಲ್ಲ, ಹಣ ತೆಗೆದವರು ನೀವೇ ಅಥವಾ ನಿಮ್ಮ ಮನೆಯವರೇ ಇರಬೇಕು ಎಂಬುದು ಬ್ಯಾಂಕುಗಳ ಉತ್ತರವಾಗಿತ್ತು. ಹೀಗೆ ದೂರು ಕೊಟ್ಟ ಪೊಲೀಸ್ ಪೇದೆಯೊಬ್ಬರ ಮೇಲೆಯೇ ವಂಚನೆಗೆ ಯತ್ನಿಸಿದ ಆರೋಪ ಹೊರಿಸಿ, 1994ರಲ್ಲಿ ಶಿಕ್ಷೆಯನ್ನೂ ವಿಧಿಸಲಾಯಿತು. ಆಂಡರ್ಸನ್ ಅವರು ಪೇದೆಯ ಪರ ತಜ್ಞ ಸಾಕ್ಷಿಯಾದರು. ತನ್ನ ವ್ಯವಸ್ಥೆಯನ್ನು ಪರಿಶೀಲಿಸಲು ಬ್ಯಾಂಕು ಒಪ್ಪಲಿಲ್ಲ. ಪರೀಕ್ಷೆಗೆ ಒಡ್ಡದ ಯಂತ್ರದ ಸಾಕ್ಷ್ಯ ನಿಲ್ಲಲಿಲ್ಲ. 1996ರಲ್ಲಿ ಮೇಲ್ಮನವಿಯಲ್ಲಿ ಆ ಪೇದೆ ನಿರ್ದೋಷಿಯಾದರು.

ಇಂಥ ಪ್ರಕರಣಗಳನ್ನು ಅಧ್ಯಯನ ಮಾಡಿ 1993ರಲ್ಲಿ ಬರೆದ ‘ವೈ ಕ್ರಿಪ್ಟೋಸಿಸ್ಟಮ್ಸ್ ಫೇಲ್’ ಪ್ರಬಂಧ ಅವರಿಗೆ ಹೆಸರು ತಂದಿತು. ಕಳ್ಳರು ಗೂಢಲಿಪಿ ಭೇದಿಸುವ ಮಹಾ ಬುದ್ಧಿವಂತರೇನಲ್ಲ. ಸಿಬ್ಬಂದಿಯ ವಂಚನೆ, ಅಳವಡಿಕೆಯ ದೋಷ, ಆಡಳಿತದ ಅಸಡ್ಡೆಗಳೇ ಹೆಚ್ಚಿನ ನಷ್ಟಕ್ಕೆ ಕಾರಣ ಎಂದು ಅವರು ತೋರಿಸಿದರು.

ಪ್ರಮುಖ ಬರಹಗಳು

2001ರ ಪ್ರಬಂಧವೊಂದರಲ್ಲಿ ಅವರು ಭದ್ರತೆಯನ್ನು ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿದರು. ಅಮೆರಿಕದಲ್ಲಿ ತಪ್ಪು ಗ್ರಾಹಕನದೆಂದು ಬ್ಯಾಂಕೇ ಸಾಬೀತು ಮಾಡಬೇಕಿತ್ತು. ಬ್ರಿಟನ್ನಿನಲ್ಲಿ ಆ ಭಾರ ಗ್ರಾಹಕನ ಮೇಲಿತ್ತು. ಆದರೂ ಹೆಚ್ಚು ವಂಚನೆಗೆ ಒಳಗಾದದ್ದು ಬ್ರಿಟನ್ನಿನ ಬ್ಯಾಂಕುಗಳೇ. ನಷ್ಟ ತಮಗೆ ತಟ್ಟದಿದ್ದರೆ ಎಚ್ಚರವೂ ಸಡಿಲವಾಗುತ್ತದೆ ಎಂಬುದು ಅವರ ವಿವರಣೆ. ಆದ್ದರಿಂದ ತಡೆಯುವ ಶಕ್ತಿ ಇರುವವರೇ ನಷ್ಟವನ್ನೂ ಹೊರಬೇಕು ಎಂದು ಅವರು ವಾದಿಸಿದರು.

ಅದೇ ವರ್ಷ ಪ್ರಕಟವಾದ ‘ಸೆಕ್ಯುರಿಟಿ ಎಂಜಿನಿಯರಿಂಗ್’ ಅವರ ಮುಖ್ಯ ಗ್ರಂಥ. 2008 ಮತ್ತು 2020ರಲ್ಲಿ ಪರಿಷ್ಕೃತ ಆವೃತ್ತಿಗಳು ಬಂದವು. ಹಣ ಕೊಟ್ಟು ಕೊಳ್ಳಲಾಗದವರೂ ಓದಲೆಂದು ಹಿಂದಿನ ಆವೃತ್ತಿಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಇಟ್ಟರು.

2010ರಲ್ಲಿ ಅವರು ಸಹೋದ್ಯೋಗಿಗಳೊಡನೆ ಬರೆದ ಪ್ರಬಂಧವು, ಕದ್ದ ಚಿಪ್ ಕಾರ್ಡನ್ನು ಪಿನ್ ಗೊತ್ತಿಲ್ಲದೆಯೇ ಅಂಗಡಿಯಲ್ಲಿ ಬಳಸಬಹುದೆಂದು ಪ್ರಯೋಗದಿಂದ ತೋರಿಸಿತು. ಇದಕ್ಕೆ ಸಂಬಂಧಿಸಿದ ವಿದ್ಯಾರ್ಥಿಯೊಬ್ಬರ ಪ್ರೌಢಪ್ರಬಂಧವನ್ನು ತೆಗೆದುಹಾಕುವಂತೆ ಕಾರ್ಡ್ ಉದ್ಯಮದ ಸಂಘ ಪತ್ರ ಬರೆದಾಗ ಆಂಡರ್ಸನ್ ಒಪ್ಪಲಿಲ್ಲ. ಬದಲಿಗೆ ಅದನ್ನು ವಿಭಾಗದ ಅಧಿಕೃತ ವರದಿಯಾಗಿಯೇ ಹೊರತಂದರು.

2012ರ ಅಧ್ಯಯನ ಸೈಬರ್ ಅಪರಾಧದ ವೆಚ್ಚವನ್ನು ಲೆಕ್ಕ ಹಾಕಿತು. 2010ರಲ್ಲಿ ಜಗತ್ತಿನ ಸ್ಪ್ಯಾಮ್ ಇಮೇಲ್‌ಗಳ ಮೂರನೇ ಒಂದು ಭಾಗ ಕಳುಹಿಸಿದ ಜಾಲದ ಒಡೆಯರು ಗಳಿಸಿದ್ದು ಸುಮಾರು 27 ಲಕ್ಷ ಡಾಲರ್. ಸ್ಪ್ಯಾಮ್ ತಡೆಗೆ ಜಗತ್ತು ಮಾಡಿದ ಖರ್ಚು 100 ಕೋಟಿ ಡಾಲರ್ ಮೀರಿರಬಹುದು. ತಡೆ ಸಾಧನಗಳಿಗಷ್ಟೇ ಸುರಿಯದೆ, ಅಪರಾಧಿಗಳನ್ನು ಹಿಡಿಯಲು ಹೆಚ್ಚು ಖರ್ಚು ಮಾಡಿ ಎಂಬುದು ಅವರ ಸಲಹೆ.

ನಮ್ಮ ದೇಶದಲ್ಲಿ

ಸಾಬೀತಿನ ಭಾರ ಯಾರ ಮೇಲೆ ಎಂಬ ಪ್ರಶ್ನೆಗೆ ಭಾರತದಲ್ಲಿ ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಉತ್ತರಿಸಿತು: ಅನಧಿಕೃತ ವಿದ್ಯುನ್ಮಾನ ವಹಿವಾಟಿನಲ್ಲಿ ತಪ್ಪು ಗ್ರಾಹಕನದೆಂದು ಸಾಬೀತು ಮಾಡುವುದು ಬ್ಯಾಂಕಿನ ಹೊಣೆ. ತಪ್ಪು ಬ್ಯಾಂಕಿನದೂ ಗ್ರಾಹಕನದೂ ಅಲ್ಲದಾಗ, ಬ್ಯಾಂಕಿನಿಂದ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ದೂರಿದರೆ ಗ್ರಾಹಕನಿಗೆ ನಷ್ಟವಿಲ್ಲ ಎಂದೂ ಅದು ಹೇಳಿತು. ಆದರೆ ಪಿನ್ ಅಥವಾ ಒಟಿಪಿಯನ್ನು ನಾವೇ ಹೇಳಿಕೊಟ್ಟರೆ, ದೂರು ಕೊಡುವವರೆಗಿನ ನಷ್ಟ ನಮ್ಮದೇ.

ಆದ್ದರಿಂದ ಹಣ ಹೋದುದು ತಿಳಿದ ಕೂಡಲೇ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮನೆಯ ಹಿರಿಯರು ಮೋಸಹೋದರೆ ಅವರನ್ನು ಗದರಬಾರದು. ನಾಚಿಕೆಯಿಂದ ಅವರು ಮುಚ್ಚಿಟ್ಟ ಒಂದೊಂದು ದಿನವೂ ಆ ಹಣವನ್ನು ಇನ್ನಷ್ಟು ದೂರ ಮಾಡುತ್ತದೆ.