ಜಾರ್ಜ್‌ಟೌನ್ ಕಾಲೇಜಿನ ಸಾಲ ಮತ್ತು 1838ರ ಮಾರಾಟ: ಒಂದು ಲೆಕ್ಕಪತ್ರದ ಚರಿತ್ರೆ

ಧರ್ಮಸಭೆಯ ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಬರೆಯುವಾಗ ಸಂಸ್ಥಾಪಕರ ತ್ಯಾಗದಿಂದ ಆರಂಭಿಸಿ, ಕಟ್ಟಡಗಳ ಶಂಕುಸ್ಥಾಪನೆಯ ದಿನಾಂಕಗಳನ್ನು ದಾಟಿ, ಹಳೆಯ ವಿದ್ಯಾರ್ಥಿಗಳ ಕೀರ್ತಿಯಲ್ಲಿ ಮುಗಿಸುವುದು ವಾಡಿಕೆ. ವಾರ್ಷಿಕ ಆಯವ್ಯಯದ ಪುಟಗಳಿಗೆ ಅನುಬಂಧದಲ್ಲಿಯೂ ಜಾಗ ದೊರೆಯುವುದಿಲ್ಲ. ಮಹೋತ್ಸವಗಳ ಸ್ಮರಣ ಸಂಚಿಕೆಗಳನ್ನು ಸಂಪಾದಿಸಿದ ಅನುಭವವುಳ್ಳ ಓದುಗರು ಇದನ್ನು ಒಪ್ಪುವರೆಂದು ಭಾವಿಸುತ್ತೇವೆ. ಈ ಲೋಪ ನಮ್ಮ ಬರವಣಿಗೆಯಲ್ಲಿಯೂ ಇದೆ. ಆದರೆ ಒಂದು ಸಂಸ್ಥೆ ಏನನ್ನು ನಂಬಿತ್ತು ಎಂಬುದು ಅದರ ಉಪದೇಶಗಳಲ್ಲಿ ಕಾಣುವಷ್ಟೇ ಅದರ ಸಾಲ ತೀರಿಸಿದ ಬಗೆಯಲ್ಲಿಯೂ ಕಾಣುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಅತ್ಯಂತ ಹಳೆಯ ಕಥೋಲಿಕ ವಿಶ್ವವಿದ್ಯಾಲಯವಾದ ಜಾರ್ಜ್‌ಟೌನಿನ ಚರಿತ್ರೆಯನ್ನು ಈ ಲೇಖನದಲ್ಲಿ ಆ ಬದಿಯಿಂದ ಓದಲು ಯತ್ನಿಸುತ್ತೇವೆ.

ಮೊದಲು ಒಂದು ನಿಯಮವನ್ನು ನೆನೆಯಬೇಕು. ಮತ್ತಾಯನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಪ್ರೇಷಿತರಿಗೆ ಕೊಟ್ಟ ಆಜ್ಞೆಯನ್ನು ಸಂತ ಇಗ್ನೇಷಿಯಸರು ಯೇಸುಸಭೆಯ ಸಂವಿಧಾನದಲ್ಲಿ ಅಕ್ಷರಶಃ ಅಳವಡಿಸಿದರು. ಬಲಿಪೂಜೆಗಾಗಲೀ ಪ್ರಬೋಧನೆಗಾಗಲೀ ಪಾಠಪ್ರವಚನಕ್ಕಾಗಲೀ ಪ್ರತಿಫಲ ಸ್ವೀಕರಿಸುವಂತಿರಲಿಲ್ಲ. ಯುರೋಪಿನಲ್ಲಿ ಇದು ಸಾಧ್ಯವಾಗಿತ್ತು. ಅರಸರು, ನಗರಸಭೆಗಳು, ಶ್ರೀಮಂತ ಮನೆತನಗಳು ಕಾಲೇಜೊಂದಕ್ಕೆ ಶಾಶ್ವತ ಆದಾಯವನ್ನು ಬಿಟ್ಟುಕೊಟ್ಟ ಬಳಿಕವೇ ಸಭೆಯು ಅದನ್ನು ತೆರೆಯುತ್ತಿತ್ತು. ವಿದ್ಯೆ ಉಚಿತವಾಗಿತ್ತು, ಏಕೆಂದರೆ ಬೇರೊಬ್ಬರು ಅದರ ವೆಚ್ಚವನ್ನು ಮೊದಲೇ ಭರಿಸಿದ್ದರು. ಆ ಬೇರೊಬ್ಬರು ಯಾರು ಎಂಬ ಪ್ರಶ್ನೆಯನ್ನು ನಿಯಮ ಕೇಳುತ್ತಿರಲಿಲ್ಲ.

1634ರಲ್ಲಿ ಮೊದಲ ವಲಸಿಗರೊಡನೆ ಮೇರಿಲ್ಯಾಂಡಿಗೆ ಬಂದಿಳಿದ ಯೇಸುಸಭೆಯ ಗುರುಗಳಿಗೆ ಅಂಥ ಅರಸರಾರೂ ಇರಲಿಲ್ಲ. ಅವರಿಗೆ ದೊರೆತದ್ದು ಭೂಮಿ. ಕರೆತಂದ ಜನರ ಸಂಖ್ಯೆಗೆ ಅನುಗುಣವಾಗಿ ಜಮೀನು ಹಂಚುವುದು ಆ ವಸಾಹತಿನ ಪದ್ಧತಿಯಾಗಿತ್ತು. ಹೀಗೆ ಸೇಂಟ್ ಇನಿಗೋಸ್, ನ್ಯೂಟೌನ್, ಸೇಂಟ್ ಥಾಮಸ್ ಮ್ಯಾನರ್, ವೈಟ್ ಮಾರ್ಷ್ ಮೊದಲಾದ ತೋಟಗಳು ಗುರುಗಳ ವಶಕ್ಕೆ ಬಂದವು. ಅಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದವರು ಮೊದಮೊದಲು ಕರಾರಿನ ಆಳುಗಳು, ಮುಂದೆ ಆಫ್ರಿಕ ಮೂಲದ ಗುಲಾಮರು. ಸಭೆಯು 1773ರಲ್ಲಿ ರದ್ದಾದಾಗಲೂ 1814ರಲ್ಲಿ ಪುನಃ ಸ್ಥಾಪಿತವಾದಾಗಲೂ ಈ ಭೂಮಿ ಮತ್ತು ಈ ಜನ ಗುರುವರ್ಗದ ಕೈಬಿಡಲಿಲ್ಲ. ಅಮೆರಿಕದ ಮೊದಲ ಧರ್ಮಾಧ್ಯಕ್ಷರಾದ ಜಾನ್ ಕ್ಯಾರೊಲ್ 1789ರಲ್ಲಿ ಪೊಟೋಮ್ಯಾಕ್ ನದಿಯ ಮೇಲಿನ ದಿಬ್ಬದಲ್ಲಿ ಕಾಲೇಜನ್ನು ಸ್ಥಾಪಿಸಿದಾಗ ಅದರ ಕೊರತೆಯನ್ನು ತುಂಬಬೇಕಾಗಿದ್ದದ್ದು ಇದೇ ತೋಟಗಳು. ಕಾಲೇಜಿನ ಆವರಣದಲ್ಲಿಯೂ ಗುಲಾಮರು ದುಡಿಯುತ್ತಿದ್ದರು.

ತೋಟಗಳಿಂದ ಕೊರತೆ ತುಂಬಲಿಲ್ಲ. ಹೊಗೆಸೊಪ್ಪಿನಿಂದ ಮಣ್ಣು ಸೊರಗಿತ್ತು, ಆಡಳಿತ ಸಡಿಲವಾಗಿತ್ತು. 1820ರಲ್ಲಿ ಸಂದರ್ಶಕರಾಗಿ ಬಂದ ಐರಿಷ್ ಗುರು ಪೀಟರ್ ಕೆನ್ನಿಯವರು ತೋಟದ ಜನರ ಊಟ, ವಸತಿ, ಅವರಿಗೆ ಬೀಳುತ್ತಿದ್ದ ಚಾಟಿಯೇಟುಗಳನ್ನು ಕಂಡು ಕಳವಳಗೊಂಡು, ಈ ಹೊಣೆಯಿಂದ ಕಳಚಿಕೊಳ್ಳುವುದೇ ಲೇಸೆಂದರು. ಕೆಲವು ವರ್ಷಗಳ ಸೇವೆಯ ನಂತರ ಗುಲಾಮರಿಗೆ ಬಿಡುಗಡೆ ದೊರೆಯುವಂತೆ ಕ್ರಮ ಕೈಗೊಳ್ಳಲು 1814ರಲ್ಲಿಯೇ ಒಂದು ನಿರ್ಣಯವಾಗಿತ್ತು. ಅದನ್ನು 1820ರಲ್ಲಿ ಹಿಂದಕ್ಕೆ ಪಡೆಯಲಾಯಿತು. ಚರಿತ್ರೆಯಲ್ಲಿ ಇಂಥ ರದ್ದಾದ ನಿರ್ಣಯಗಳನ್ನು ಗಮನಿಸುವುದು ಅಗತ್ಯ. ಆ ಕಾಲದವರಿಗೆ ಬೇರೆ ದಾರಿ ತೋಚಿರಲಿಲ್ಲವೆಂದು ಹೇಳುವವರಿಗೆ ಇದೊಂದೇ ಉತ್ತರ ಸಾಕು.

ಶುಲ್ಕದ ನಿಯಮವಾದರೋ ಇನ್ನೂ ಬಿಗಿಯಾಗಿಯೇ ಇತ್ತು. ವಾಷಿಂಗ್ಟನ್ ನಗರದಲ್ಲಿ ಸಭೆಯು ನಡೆಸುತ್ತಿದ್ದ ಶಾಲೆಯು ಬೋಧನೆಗೆ ಹಣ ಪಡೆಯುತ್ತಿತ್ತೆಂಬ ಕಾರಣದಿಂದ 1827ರಲ್ಲಿ ಮುಚ್ಚಲ್ಪಟ್ಟಿತು. ಜಾರ್ಜ್‌ಟೌನಿನಂಥ ವಸತಿ ಕಾಲೇಜು ಊಟ ವಸತಿಗಳ ವೆಚ್ಚವನ್ನು ಪಡೆಯಬಹುದಿತ್ತೇ ವಿನಾ ಪಾಠಕ್ಕೆ ಪಡೆಯುವಂತಿರಲಿಲ್ಲ. ಸಭೆಯ ಮಹಾಶ್ರೇಷ್ಠರಾಗಿದ್ದ ಯಾನ್ ರೂಥಾನರು ಜಗದ್ಗುರು ಹದಿನಾರನೆಯ ಗ್ರೆಗೊರಿಯವರಿಂದ ಅಮೆರಿಕದ ಮಟ್ಟಿಗೆ ವಿನಾಯಿತಿ ಪಡೆದದ್ದು 1833ರಲ್ಲಿ. ಅಂದರೆ ಪಾಠವನ್ನು ಮಾರುವುದು ಅಧರ್ಮವೆಂಬ ಅಳುಕು ಎಷ್ಟು ಆಳವಾಗಿತ್ತೆಂದರೆ, ಅದನ್ನು ಸಡಿಲಿಸಲು ಪೋಪರ ಅಪ್ಪಣೆ ಬೇಕಾಯಿತು. ಈ ಅಂಶವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

1829ರಲ್ಲಿ ಕಾಲೇಜಿನ ಅಧ್ಯಕ್ಷರಾದ ಥಾಮಸ್ ಮುಲೆಡಿಯವರು ವರ್ಜೀನಿಯದಲ್ಲಿ ಹುಟ್ಟಿ ರೋಮಿನಲ್ಲಿ ಓದಿದವರು; ಉತ್ಸಾಹಿ, ಕಟ್ಟಡಪ್ರಿಯರು. ಅವರ ಕಾಲದಲ್ಲಿ ವಿದ್ಯಾರ್ಥಿಗಳು ಹೆಚ್ಚಿದರು, ಆವರಣದಲ್ಲಿ ಹೊಸ ಕಟ್ಟಡಗಳು ಎದ್ದವು, ಅವುಗಳೊಂದಿಗೆ ಸಾಲವೂ ಬೆಳೆಯಿತು. ಅವರ ಮಿತ್ರ ವಿಲಿಯಂ ಮ್ಯಾಕ್‌ಶೆರಿ ಪ್ರೊವಿನ್ಶಿಯಲ್ ಆಗಿದ್ದರು. 1837ರಲ್ಲಿ ಇಬ್ಬರೂ ಸ್ಥಾನಗಳನ್ನು ಅದಲುಬದಲು ಮಾಡಿಕೊಂಡರು: ಮುಲೆಡಿ ಪ್ರೊವಿನ್ಶಿಯಲರಾದರು, ಮ್ಯಾಕ್‌ಶೆರಿ ಕಾಲೇಜಿನ ಅಧ್ಯಕ್ಷರಾದರು. ಸಾಲ ಮಾಡಿದವರೇ ಅದನ್ನು ತೀರಿಸಲು ಆಸ್ತಿ ಮಾರುವ ಅಧಿಕಾರವನ್ನೂ ಪಡೆದಂತಾಯಿತು. ಸಭೆಯ ಭವಿಷ್ಯ ನಗರಗಳಲ್ಲಿಯೂ ಕಾಲೇಜುಗಳಲ್ಲಿಯೂ ಇದೆ, ಗುಲಾಮರು ಹಳೆಯ ಕಾಲದ ಹೊರೆ, ಎಂಬುದು ಅವರ ವಾದ. ಯುರೋಪಿನಿಂದ ಬಂದ ಹಿರಿಯ ಗುರುಗಳಲ್ಲಿ ಹಲವರು ಮಾರಾಟವನ್ನು ವಿರೋಧಿಸಿದರು. ಅವರ ವಿರೋಧವನ್ನು ಹಿಗ್ಗಿಸಿ ಹೇಳಬಾರದು. ಗುಲಾಮಗಿರಿಯೇ ತಪ್ಪೆಂಬುದು ಅವರ ಮಾತಾಗಿರಲಿಲ್ಲ. ತಾವೇ ದೀಕ್ಷಾಸ್ನಾನ ಕೊಟ್ಟ, ತಾವೇ ಮದುವೆ ಮಾಡಿಸಿದ ಜನರನ್ನು ದೂರದ ದಕ್ಷಿಣಕ್ಕೆ ಮಾರುವುದು ಸಭಾಪಾಲಕರಿಗೆ ತಕ್ಕುದಲ್ಲವೆಂಬುದು ಅವರ ಅಳಲು.

ರೂಥಾನರು 1836ರ ಕೊನೆಯಲ್ಲಿ ಒಪ್ಪಿಗೆ ಕೊಟ್ಟರು, ಷರತ್ತುಗಳೊಡನೆ. ಕುಟುಂಬಗಳನ್ನು ಒಡೆಯಕೂಡದು, ಹೋದೆಡೆಯಲ್ಲಿ ಅವರ ಕಥೋಲಿಕ ಧರ್ಮಾಚರಣೆಗೆ ಅವಕಾಶವಿರಬೇಕು, ಬಂದ ಹಣವನ್ನು ಸಾಲ ತೀರಿಸಲಾಗಲೀ ದಿನನಿತ್ಯದ ಖರ್ಚಿಗಾಗಲೀ ಬಳಸದೆ, ಮೂಲಧನವಾಗಿ ತೊಡಗಿಸಿ ಗುರುವಿದ್ಯಾರ್ಥಿಗಳ ಶಿಕ್ಷಣಕ್ಕೆ ವಿನಿಯೋಗಿಸಬೇಕು. ಅಂದಿನ ನೀತಿಶಾಸ್ತ್ರದ ಕೈಪಿಡಿಗಳ ದೃಷ್ಟಿಯಲ್ಲಿ ಇದೊಂದು ಎಚ್ಚರಿಕೆಯ, ಕರುಣೆಯುಳ್ಳ ತೀರ್ಪು. ವಿವಾಹ ಸಂಸ್ಕಾರಕ್ಕೆ ರಕ್ಷಣೆ, ಆತ್ಮಗಳಿಗೆ ರಕ್ಷಣೆ, ಹಣಕ್ಕೆ ಪವಿತ್ರ ಉದ್ದೇಶ. ನಮ್ಮನ್ನು ಹೆಚ್ಚು ಕಲಕುವುದು ಮುಲೆಡಿಯವರ ಆತುರಕ್ಕಿಂತ ಈ ಷರತ್ತುಗಳ ನಯವೇ. ಕೃತ್ಯವನ್ನೇ ಪ್ರಶ್ನಿಸದೆ ಅದರ ಸುತ್ತ ಬೇಲಿ ಕಟ್ಟಿದ ಅಂತಃಸಾಕ್ಷಿಗೆ ನೆಮ್ಮದಿ ಸಿಕ್ಕಿತು. ಬೇಲಿಯನ್ನು ಕಾಯುವ ಕೆಲಸ ಮಾತ್ರ ಸಾಗರದಾಚೆಯ ಸಾಲಗಾರರ ಪಾಲಿಗೆ ಬಂತು.

1838ರ ಜೂನ್ 19ರಂದು ಕರಾರು ಆಯಿತು. ಲೂಯಿಸಿಯಾನದ ಮಾಜಿ ಗವರ್ನರ್ ಹೆನ್ರಿ ಜಾನ್ಸನ್ ಮತ್ತು ಅದೇ ರಾಜ್ಯದ ಜೆಸ್ಸಿ ಬೇಟಿ ಎಂಬವರಿಗೆ 272 ಮಂದಿಯನ್ನು 1,15,000 ಡಾಲರಿಗೆ ಮಾರಲಾಯಿತು. ಸರಾಸರಿ ತಲೆಗೆ 423 ಡಾಲರು. ಹೆಸರು, ವಯಸ್ಸುಗಳ ಪಟ್ಟಿ ಕರಾರಿನಲ್ಲಿದೆ. ಮೊದಲ ಹೆಸರು ಐಸಾಕ್, ವಯಸ್ಸು 65. ಪಟ್ಟಿಯಲ್ಲಿ ಎಳೆಗೂಸುಗಳೂ ಇವೆ. ಕೆಲವರು ಕಾಡಿಗೆ ಓಡಿ ತಪ್ಪಿಸಿಕೊಂಡರು, ಕೆಲವರು ನಾನಾ ಕಾರಣಗಳಿಂದ ಮೇರಿಲ್ಯಾಂಡಿನಲ್ಲಿಯೇ ಉಳಿದರು. ಉಳಿದವರನ್ನು ಹಡಗು ಹತ್ತಿಸಲಾಯಿತು. ಅವುಗಳಲ್ಲಿ ಕ್ಯಾಥರೀನ್ ಜ್ಯಾಕ್ಸನ್ ಎಂಬ ಹಡಗು ನವೆಂಬರಿನಲ್ಲಿ ಅಲೆಗ್ಸಾಂಡ್ರಿಯದಿಂದ ಹೊರಟು ಡಿಸೆಂಬರಿನಲ್ಲಿ ನ್ಯೂ ಆರ್ಲಿಯನ್ಸ್ ತಲಪಿತು.

ಷರತ್ತುಗಳು ಏನಾದವು? ಕುಟುಂಬಗಳು ಒಡೆದವು. ಕೊಂಡವರು ಕೆಲವೇ ವರ್ಷಗಳಲ್ಲಿ ಹಣದ ಅಡಚಣೆಗೆ ಸಿಲುಕಿದರು. ಜನ ಮತ್ತೆ ಕೈಬದಲಾದರು. ಧರ್ಮಾಚರಣೆಯ ವಿಷಯದಲ್ಲಿ, 1848ರಲ್ಲಿ ಯೇಸುಸಭೆಯವರೇ ಆದ ಜೇಮ್ಸ್ ವಾನ್ ಡೆ ವೆಲ್ಡೆಯವರು ಅಲ್ಲಿನ ದುಃಸ್ಥಿತಿಯನ್ನು ವಿವರಿಸಿ, ಚರ್ಚ್ ಕಟ್ಟಲು ನೆರವಾಗಬೇಕೆಂದು ಮುಲೆಡಿಯವರಿಗೆ ಬರೆದ ಪತ್ರ ಉಳಿದಿದೆ. ಹತ್ತು ವರ್ಷಗಳ ಬಳಿಕವೂ ಆ ಜನರಿಗೆ ಗುರುಗಳ ಸಹವಾಸವೂ ಬೋಧನೆಯೂ ಇರಲಿಲ್ಲವೆಂದಾಯಿತು. ಮೂರನೆಯ ಷರತ್ತಿನ ಗತಿಯನ್ನು ಲೆಕ್ಕದ ಪುಸ್ತಕವೇ ಹೇಳುತ್ತದೆ. ಮೊದಲ ಕಂತಾಗಿ ಬಂದದ್ದು 25,000 ಡಾಲರು. ಅದರಲ್ಲಿ 17,000 ಜಾರ್ಜ್‌ಟೌನ್ ಕಾಲೇಜಿನ ಸಾಲಕ್ಕೆ; 8,000 ಬಾಲ್ಟಿಮೋರಿನ ಮಹಾಧರ್ಮಾಧ್ಯಕ್ಷರೊಡನೆ ಇದ್ದ ಹಳೆಯ ಹಣಕಾಸಿನ ವಿವಾದ ತೀರಿಸಲು. ಮೂಲಧನಕ್ಕೆ ಮೊದಲ ಕಂತಿನಿಂದ ಏನೂ ಸೇರಲಿಲ್ಲ. ಮಿಕ್ಕ 90,000 ಡಾಲರುಗಳು ಕಂತುಗಳಲ್ಲಿ, ತಡವಾಗಿ ಬಂದವು.

ಷರತ್ತು ಮುರಿದ ಸುದ್ದಿ ರೋಮಿಗೆ ತಲಪಿದಾಗ ಮುಲೆಡಿಯವರು ಪದವಿ ಬಿಡಬೇಕಾಯಿತು. ಕೆಲಕಾಲ ನೀಸ್ ನಗರದಲ್ಲಿ ಇರಬೇಕಾಯಿತು. 1839ರ ಡಿಸೆಂಬರಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸುವ ಪ್ರೇಷಿತ ಪತ್ರ ಹೊರಟಿತು. ಅದನ್ನು ಹೊರಡಿಸಿದವರು, ಆರು ವರ್ಷ ಹಿಂದೆ ಪಾಠಶುಲ್ಕಕ್ಕೆ ವಿನಾಯಿತಿ ಕೊಟ್ಟಿದ್ದ ಅದೇ ಹದಿನಾರನೆಯ ಗ್ರೆಗೊರಿಯವರು. ಮುಲೆಡಿಯವರ ಶಿಕ್ಷೆ ದೀರ್ಘವಾಗಲಿಲ್ಲ. 1843ರಲ್ಲಿ ಅವರು ಮ್ಯಾಸಚೂಸೆಟ್ಸಿನ ಹೋಲಿ ಕ್ರಾಸ್ ಕಾಲೇಜಿನ ಮೊದಲ ಅಧ್ಯಕ್ಷರಾದರು; 1845ರಲ್ಲಿ ಮತ್ತೆ ಜಾರ್ಜ್‌ಟೌನಿಗೆ ಅಧ್ಯಕ್ಷರಾಗಿ ಮರಳಿದರು. ಕಡಲಾಚೆಗೆ ಕಳುಹಿಸಲ್ಪಟ್ಟವರಲ್ಲಿ ಹಿಂದಿರುಗುವ ದಾರಿ ಅವರಿಗಿತ್ತು.

ಹೋಲಿ ಕ್ರಾಸಿನ ಮೊದಲ ವಿದ್ಯಾರ್ಥಿಗಳಲ್ಲಿ ಜಾರ್ಜಿಯದಿಂದ ಬಂದ ಹೀಲಿ ಸಹೋದರರಿದ್ದರು. ತಂದೆ ಐರಿಷ್ ತೋಟಗಾರ. ತಾಯಿ ಎಲೈಜಾ ಗುಲಾಮ ಸ್ತ್ರೀ. ಜಾರ್ಜಿಯದ ಕಾನೂನಿನಂತೆ ಮಕ್ಕಳೂ ಗುಲಾಮರೇ. ಅವರಲ್ಲೊಬ್ಬರಾದ ಪ್ಯಾಟ್ರಿಕ್ ಹೀಲಿ ಯೇಸುಸಭೆಯನ್ನು ಸೇರಿ 1874ರಲ್ಲಿ ಜಾರ್ಜ್‌ಟೌನಿನ ಅಧ್ಯಕ್ಷರಾದರು. ಆ ಕಾಲದಲ್ಲಿ ಅವರ ತಾಯಿಯ ಕಡೆಯ ಮೂಲ ಬಹಿರಂಗವಾಗಿ ಹೇಳುವ ವಿಷಯವಾಗಿರಲಿಲ್ಲ. ಇಂದಿಗೂ ಆ ವಿಶ್ವವಿದ್ಯಾಲಯದ ಗುರುತಾಗಿರುವ ಬೃಹತ್ ಶಿಲಾಭವನದ ಕೆಲಸ 1877ರಲ್ಲಿ ಆರಂಭವಾದದ್ದು ಅವರಿಂದ. ಅದಕ್ಕಾಗಿ ಅವರು ದೇಶದುದ್ದಕ್ಕೂ ದೇಣಿಗೆ ಸಂಗ್ರಹಿಸಲು ಅಲೆದರು, ಹಳೆಯ ವಿದ್ಯಾರ್ಥಿಗಳನ್ನು ಸಂಘಟಿಸಿದರು. ಆದರೂ ಸಂಸ್ಥೆಯ ಮೇಲೆ ಭಾರೀ ಸಾಲ ಉಳಿಯಿತು. ಈ ಸಲ ಅದನ್ನು ತೀರಿಸಲು ಮಾರುವುದಕ್ಕೆ ಮನುಷ್ಯರಿರಲಿಲ್ಲ. ಸಾಲವನ್ನು ಸಾಲದಂತೆಯೇ, ವರ್ಷಗಟ್ಟಲೆ ಹೊರಬೇಕಾಯಿತು. ವಿದ್ಯಾಸಂಸ್ಥೆಯೊಂದು ಸಾಲದಿಂದ ಸಾಯುವುದಿಲ್ಲ ಎಂಬುದಕ್ಕೆ ಇದೇ ಆವರಣದಲ್ಲಿ ನಿದರ್ಶನ ಸಿಕ್ಕಿತು, ನಲವತ್ತು ವರ್ಷ ತಡವಾಗಿ.

ಇದನ್ನೆಲ್ಲ ಓದಿ ಅಮೆರಿಕದವರ ಪಾಪವೆಂದು ಬದಿಗಿಡಲು ನಮಗೆ ಮನಸ್ಸಾಗುವುದು ಸಹಜ. ನಮ್ಮ ಕರಾವಳಿಯ ಭೂಹಿಡುವಳಿಗಳಲ್ಲಿ ಮೂಲದಾಳುಗಳೆಂದು ಕರೆಸಿಕೊಂಡವರು ಮಣ್ಣಿನೊಡನೆಯೇ ಕೈಬದಲಾಗುತ್ತಿದ್ದರು. ಬ್ರಿಟಿಷ್ ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ, ಜಾರ್ಜ್‌ಟೌನಿನ ಮಾರಾಟದ ಐದು ವರ್ಷಗಳ ಬಳಿಕ. ನಮ್ಮ ಹಳೆಯ ಸಂಸ್ಥೆಗಳಿಗೆ ದಾನವಾಗಿ ಬಂದ ಭೂಮಿಯ ಪತ್ರಗಳಲ್ಲಿ ದಾನಿಯ ಹೆಸರಿರುತ್ತದೆ. ಆ ಭೂಮಿಯನ್ನು ಉತ್ತವರ ಹೆಸರು ಎಲ್ಲಿರುತ್ತದೆ ಎಂದು ಹುಡುಕುವ ಕೆಲಸವನ್ನು ನಮ್ಮ ಸಂಶೋಧಕ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕು.

ಜಾರ್ಜ್‌ಟೌನಿನಲ್ಲಿ ಆ ಹೆಸರುಗಳು ಉಳಿದದ್ದು ಅವು ಲೆಕ್ಕಕ್ಕೆ ಸೇರಿದ್ದರಿಂದ. ಮುಲೆಡಿಯವರು ಸಾಲಮಾಡಿ ಕಟ್ಟಿಸಿದ, ಅವರ ಹೆಸರನ್ನೇ ಹೊತ್ತಿದ್ದ ಕಟ್ಟಡವನ್ನು ನವೀಕರಿಸಿ 2015ರಲ್ಲಿ ವಿದ್ಯಾರ್ಥಿನಿಲಯವಾಗಿ ತೆರೆದಾಗ ವಿದ್ಯಾರ್ಥಿಗಳು ಪ್ರತಿಭಟಿಸಿದರು. ಆ ವರ್ಷಗಳಲ್ಲಿ ವಿಶ್ವವಿದ್ಯಾಲಯವು 150 ಕೋಟಿ ಡಾಲರು ಗುರಿಯ ನಿಧಿಸಂಗ್ರಹ ಅಭಿಯಾನವನ್ನು ನಡೆಸುತ್ತಿತ್ತು. ಮುಂಬರುವ ತಲೆಮಾರುಗಳಿಗಾಗಿ ಎಂಬುದು ಅದರ ಹೆಸರಿನ ಅರ್ಥ. 2016ರಲ್ಲಿ ಅದು ಗುರಿ ಮೀರಿ ಮುಗಿಯಿತು. ಅದೇ 2016ರಲ್ಲಿ ಹಿಂದಿನ ತಲೆಮಾರುಗಳ ಸಂತತಿಯವರು, ಮಾರಾಟದ ಪಟ್ಟಿಯನ್ನೇ ಕೈಯಲ್ಲಿ ಹಿಡಿದು, ತಮ್ಮ ಪೂರ್ವಜರನ್ನು ಗುರುತಿಸತೊಡಗಿದರು. ಲೂಯಿಸಿಯಾನದ ಮ್ಯಾರಿಂಗ್ವಿನ್ ಎಂಬ ಸಣ್ಣ ಊರಿನ ಕಥೋಲಿಕ ಸ್ಮಶಾನದಲ್ಲಿ, ಹದಿಮೂರರ ವಯಸ್ಸಿನಲ್ಲಿ ಮಾರಲ್ಪಟ್ಟ ಕೊರ್ನೇಲಿಯಸ್ ಹಾಕಿನ್ಸ್ ಅವರ ಸಮಾಧಿಕಲ್ಲು ಪತ್ತೆಯಾಯಿತು. ಗುರುಗಳಿಲ್ಲದ, ಚರ್ಚಿಲ್ಲದ ನೆಲದಲ್ಲಿಯೂ ಅವರು ವಿಶ್ವಾಸವನ್ನು ಬಿಟ್ಟಿರಲಿಲ್ಲ. ರೂಥಾನರ ಎರಡನೆಯ ಷರತ್ತನ್ನು ಕೊನೆಗೂ ಪಾಲಿಸಿದವರು ಮಾರಲ್ಪಟ್ಟವರೇ.

2017ರ ಏಪ್ರಿಲ್ 18ರಂದು ಪಶ್ಚಾತ್ತಾಪದ ಆರಾಧನೆ ನಡೆದು, ಯೇಸುಸಭೆಯ ಪರವಾಗಿ ಸಂತತಿಯವರ ಮುಂದೆ ಕ್ಷಮೆ ಕೋರಲಾಯಿತು. ಮುಲೆಡಿ ಭವನಕ್ಕೆ ಪಟ್ಟಿಯ ಮೊದಲಿಗರಾದ ಐಸಾಕ್ ಹಾಕಿನ್ಸ್ ಅವರ ಹೆಸರಿಡಲಾಯಿತು. ಪಾಪನಿವೇದನೆಯ ಸಂಸ್ಕಾರವನ್ನು ಬೋಧಿಸುವ ನಮಗೆ ಗೊತ್ತಿರುವಂತೆ, ದುಃಖ ಮತ್ತು ಒಪ್ಪಿಗೆಯ ನಂತರ ಪರಿಹಾರವೆಂಬ ಮೂರನೆಯ ಭಾಗವೊಂದಿದೆ. ಜಕ್ಕಾಯನು ಅದನ್ನು ಸಂಖ್ಯೆಯಲ್ಲಿಯೇ ಹೇಳಿದನು. 2019ರ ಏಪ್ರಿಲಿನಲ್ಲಿ ವಿದ್ಯಾರ್ಥಿಗಳು ಪ್ರತಿ ಸೆಮಿಸ್ಟರಿನ ಶುಲ್ಕದೊಡನೆ 27.20 ಡಾಲರು ಸೇರಿಸಿ ಸಂತತಿಯವರ ನಿಧಿಗೆ ಕೊಡಬೇಕೇ ಎಂಬ ಜನಮತದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೌದೆಂದರು. ಒಂದು ಕಾಲಕ್ಕೆ ಶುಲ್ಕವನ್ನೇ ಪಡೆಯಲು ಅಂಜಿದ್ದ ಕಾಲೇಜಿನಲ್ಲಿ, ಮಕ್ಕಳೇ ತಮ್ಮ ಶುಲ್ಕ ಹೆಚ್ಚಲೆಂದು ಮತ ಹಾಕಿದರು. ಆಡಳಿತವು ಅದನ್ನು ಶುಲ್ಕವಾಗಿ ಜಾರಿಗೆ ತರಲಿಲ್ಲ. ವರ್ಷಕ್ಕೆ 4 ಲಕ್ಷ ಡಾಲರನ್ನು ದೇಣಿಗೆಯಿಂದ ಒದಗಿಸುವುದಾಗಿ ಹೇಳಿತು. ಸಂತತಿಯವರೊಡನೆ ರೂಪಿಸಿದ ಪ್ರತಿಷ್ಠಾನಕ್ಕೆ 10 ಕೋಟಿ ಡಾಲರು ಕೊಡುವ ವಾಗ್ದಾನವನ್ನು ಯೇಸುಸಭೆ 2021ರಲ್ಲಿ ಮಾಡಿತು. 2023ರಲ್ಲಿ ವಿಶ್ವವಿದ್ಯಾಲಯವೂ 1 ಕೋಟಿ ಡಾಲರು ಕೊಟ್ಟಿತು.

ಶುಲ್ಕಕ್ಕೂ ದೇಣಿಗೆಗೂ ಇರುವ ಭೇದ ಹಣದ ಮೊತ್ತದ್ದಲ್ಲ. ಶುಲ್ಕವು ಪ್ರತಿ ವರ್ಷ, ಪ್ರತಿಯೊಬ್ಬರ ರಸೀದಿಯಲ್ಲಿ, ಬಾಕಿಯೆಂದು ನಮೂದಾಗುತ್ತಿತ್ತು. ದೇಣಿಗೆಯು ಕೊಡುವವರ ಔದಾರ್ಯವೆಂದು ನಮೂದಾಗುತ್ತದೆ. ನಮ್ಮ ಚರಿತ್ರೆಯ ತರಗತಿಯಲ್ಲಿ ಈ ವಿಷಯ ಚರ್ಚೆಗೆ ಬಂದಾಗ ಗುರುವಿದ್ಯಾರ್ಥಿಗಳು ಎರಡು ಗುಂಪಾದರು. ಹೊಸ ಹಣವಾದರೂ ಬಂತಲ್ಲವೇ ಎಂದವರೇ ಹೆಚ್ಚು. ಒಬ್ಬ ಮಾತ್ರ, 1838ರ 17,000 ಡಾಲರು ಕಾಲೇಜಿನ ಪುಸ್ತಕದಲ್ಲಿ ಯಾವ ಶೀರ್ಷಿಕೆಯ ಕೆಳಗೆ ಬರೆಯಲ್ಪಟ್ಟಿತ್ತೆಂದು ಕೇಳಿದನು.