ಸಾಂಬ್ರಾದಿಂದ ದೆಹಲಿ, ಬೆಂಗಳೂರು ಎಷ್ಟು ದೂರ? ಲೆಕ್ಕ ಮನೆ ಬಾಗಿಲಿನಿಂದ ಹಾಕಿ

ಗೋಕಾಕ: ಮೊಬೈಲ್‌ನಲ್ಲಿ ‘ಬೆಳಗಾವಿ–ದೆಹಲಿ ವಿಮಾನ’ ಅಂತ ಹುಡುಕಿದ್ರೆ ಸುಮಾರು ಎರಡೂವರೆ ತಾಸು ಎಂದು ಬರುತ್ತದೆ. ರಜೆ ಮುಗಿಸಿ ಡ್ಯೂಟಿಗೆ ಮರಳುವ ಯೋಧರು, ಸಂದರ್ಶನಕ್ಕೆ ಹೊರಟ ಹುಡುಗರು, ಮಾಲು ಖರೀದಿಗೆ ಹೋಗುವ ವ್ಯಾಪಾರಿಗಳು ಇದೊಂದೇ ಅಂಕಿ ನೋಡಿ ಹೊರಟರೆ ಕೆಲಸ ಕೆಡುತ್ತದೆ. ಅದು ಒಂದು ನಿಲ್ದಾಣದಿಂದ ಇನ್ನೊಂದು ನಿಲ್ದಾಣಕ್ಕೆ ಮಾತ್ರದ ಲೆಕ್ಕ.

ನೇರ ಗೆರೆ ಎಳೆದರೆ ಸಾಂಬ್ರಾದಿಂದ ದೆಹಲಿ ವಿಮಾನ ನಿಲ್ದಾಣ ಸುಮಾರು 1,435 ಕಿ.ಮೀ., ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ ಸುಮಾರು 445 ಕಿ.ಮೀ. ಬೆಂಗಳೂರಿಗೆ ಜೆಟ್ ವಿಮಾನವಾದರೆ ಒಂದು ತಾಸಿನ ಆಸುಪಾಸು. ರೆಕ್ಕೆಗೆ ಫ್ಯಾನ್ ಇರುವ ಎಟಿಆರ್ ವಿಮಾನದ ವೇಗ ತಾಸಿಗೆ 500 ಕಿ.ಮೀ. ಸುಮಾರು, ಹಾಗಾಗಿ ಇನ್ನೂ ಕಾಲು ತಾಸು, ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ದೆಹಲಿಗೆ ಇಂಡಿಗೊ ನೇರ ವಿಮಾನ ಶುರುವಾಗಿದ್ದು 2023ರ ಅಕ್ಟೋಬರ್‌ನಲ್ಲಿ. ವೇಳಾಪಟ್ಟಿ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಸುವ ಮುನ್ನ ನೋಡ್ಕೊಳ್ಳಿ.

ಈಗ ಮೂಡಲಗಿಯಿಂದ ಲೆಕ್ಕ ಹಾಕೋಣ. ಸಾಂಬ್ರಾಕ್ಕೆ ರಸ್ತೆಯಲ್ಲಿ ಸುಮಾರು 80 ಕಿ.ಮೀ., ಅಂದ್ರೆ ಎರಡು ತಾಸು. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ವಿಮಾನಕ್ಕೆ 60 ನಿಮಿಷ ಮೊದಲೇ ಮುಚ್ಚುವುದರಿಂದ ಒಂದೂವರೆ ತಾಸು ಮುಂಚೆ ಅಲ್ಲಿರಬೇಕು. ಬೆಂಗಳೂರಿಗೆ ಹಾರಾಟ ಒಂದೂಕಾಲು ತಾಸು, ಬ್ಯಾಗ್ ಪಡೆದು ಹೊರಬರಲು ಅರ್ಧ ತಾಸು, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಸುಮಾರು 35 ಕಿ.ಮೀ. ದಾರಿಗೆ ಮತ್ತೆ ಒಂದೂಕಾಲು ತಾಸು. ಒಟ್ಟು ಆರೂವರೆ ತಾಸು! ದೆಹಲಿಗೆ ಇದೇ ರೀತಿ ಲೆಕ್ಕ ಹಾಕಿದ್ರೆ ಏಳೂವರೆ ತಾಸು. ದೂರ ಮೂರು ಪಟ್ಟು, ಸಮಯ ಒಂದೇ ತಾಸು ಹೆಚ್ಚು. ಹಾಗಾಗಿ ಬೆಂಗಳೂರಿಗೆ ರಾತ್ರಿ ಘಟಪ್ರಭಾದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಮಲಗಿಕೊಂಡು ಹೋಗುವುದು ಬಹಳ ಜನರಿಗೆ ಈಗಲೂ ಅನುಕೂಲವೇ. ವಿಮಾನದಿಂದ ನಿಜವಾಗಿ ದಿನ ಉಳಿಯುವುದು ದೆಹಲಿಗೆ ಹೋಗುವವರಿಗೆ. ರೈಲಿನಲ್ಲಿ ಅದು ಒಂದೂವರೆ ದಿನದ ಹಾದಿ.

ಗೋಕಾಕದವರಿಗೆ ಸಾಂಬ್ರಾ ನೇರ ಗೆರೆಯಲ್ಲಿ 40 ಕಿ.ಮೀ., ರಸ್ತೆಯಲ್ಲಿ 60ರ ಹತ್ತಿರ. ಬಸ್ಸಿಗೆ ಹೋಗುವವರು ಬೆಳಗಾವಿ ಬಸ್ ನಿಲ್ದಾಣದಲ್ಲಿ ಇಳಿದು ಮತ್ತೆ ಸಾಂಬ್ರಾಕ್ಕೆ ಆಟೋ ಅಥವಾ ಸಿಟಿ ಬಸ್ ಹಿಡಿಯಬೇಕು. ಅದಕ್ಕೇ ಮುಕ್ಕಾಲು ತಾಸು ಬೇರೆ ಇಟ್ಟುಕೊಳ್ಳಿ.

ಕಬ್ಬು ನುರಿಸುವ ಹಂಗಾಮಿನಲ್ಲಿ ಈ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಬಿದ್ದರೆ ಅರ್ಧ ತಾಸು ಹೋಯಿತು ಅಂತಲೇ ತಿಳಿಯಿರಿ. ಮಳೆಗಾಲದಲ್ಲಿ ಘಟಪ್ರಭಾ ನದಿ ಉಕ್ಕಿದರೆ ಲೋಳಸೂರ ಸೇತುವೆ ಮೇಲೆ ನೀರು ಬರುತ್ತದೆ. ಮೂಡಲಗಿ ಕಡೆಯವರು ಹಿಂದಿನ ರಾತ್ರಿಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹುಕ್ಕೇರಿಯವರಿಗೆ ಇನ್ನೊಂದು ದಾರಿ ಇದೆ. ಸಂಕೇಶ್ವರಕ್ಕೆ ಹೋಗಿ ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಕೊಲ್ಹಾಪುರದ ಉಜಳಾಯಿವಾಡಿ ವಿಮಾನ ನಿಲ್ದಾಣ ಸುಮಾರು 75 ಕಿ.ಮೀ. ಸಾಂಬ್ರಾಕ್ಕಿಂತ ಸ್ವಲ್ಪ ದೂರ ಆದರೂ ರಸ್ತೆ ಚಲೋ. ಎರಡೂ ಕಡೆಯ ದರ ಹೋಲಿಸಿ ನೋಡಬಹುದು.

ಗೋವಾದಿಂದ ವಿಮಾನ ಹತ್ತುವವರು ಒಂದು ವಿಷಯ ಮರೆಯಬಾರದು. ಅಲ್ಲಿ ಈಗ ಎರಡು ನಿಲ್ದಾಣ: ದಕ್ಷಿಣದ ದಾಬೋಲಿಂ ಮತ್ತು 2023ರ ಜನವರಿಯಿಂದ ವಿಮಾನ ಸಂಚಾರ ಶುರುವಾದ ಉತ್ತರದ ಮೋಪಾ. ಟಿಕೆಟ್ ಮೇಲೆ ‘ಜಿಒಐ’ ಇದ್ದರೆ ದಾಬೋಲಿಂ, ‘ಜಿಒಎಕ್ಸ್’ ಇದ್ದರೆ ಮೋಪಾ. ಒಂದಕ್ಕೆ ಹೋಗುವ ಬದಲು ಇನ್ನೊಂದಕ್ಕೆ ಹೋದರೆ ನಡುವಿನ ದಾರಿಗೇ ಒಂದೂವರೆ ತಾಸಿಗೂ ಹೆಚ್ಚು ಬೇಕು, ಅಷ್ಟರಲ್ಲಿ ಕೌಂಟರ್ ಮುಚ್ಚಿರುತ್ತದೆ.